ಜೀನ್ ತಿದ್ದಿದ ಭತ್ತವೂ ಬಿಟಿ ಹತ್ತಿಯೂ ಒಂದೇನಾ?

ಪ್ರಶ್ನೆ: ಜೀನ್ ಎಡಿಟಿಂಗ್ ಮಾಡಿದ ಭತ್ತದ ತಳಿ ಬಂದಿದೆಯಂತೆ. ಬಿಟಿ ಹತ್ತಿಯ ಹಾಗೆ ಅದರಲ್ಲೂ ಬೇರೆ ಜೀವಿಯ ಜೀನ್ ಇರುತ್ತದಾ? ಇದೇ ತಂತ್ರವನ್ನು ಮನುಷ್ಯರ ಕಾಯಿಲೆಗೂ ಬಳಸುತ್ತಾರೆ ಅನ್ನುವುದು ನಿಜವೇ?

ಉತ್ತರ: ರೈತರ ಕೈಗೆ ಬರುವ ಬೀಜದಲ್ಲಿ ಹೊರಗಿನ ಜೀನ್ ಇರಕೂಡದು. ಕಾಯಿಲೆಗೆ ಬಳಸುತ್ತಾರೆ ಅನ್ನುವುದು ನಿಜ.

2002ರಲ್ಲಿ ನಮ್ಮಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿಗೆ ಮಣ್ಣಿನ ಬ್ಯಾಕ್ಟೀರಿಯಾವೊಂದರ ಜೀನ್ ಸೇರಿಸಿದ್ದರು. ಕಾಯಿಕೊರಕ ಸಾಯುವುದು ಆ ಜೀನ್ ತಯಾರಿಸುವ ಪ್ರೋಟೀನಿನಿಂದ. 2025ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವರು ಪ್ರಕಟಿಸಿದ ‘ಕಮಲಾ’ ಭತ್ತದ ವಿಚಾರ ಬೇರೆ. ತುಂಗಭದ್ರಾ ಅಚ್ಚುಕಟ್ಟಿನ ರೈತರು ಬಿಪಿಟಿ ಅನ್ನುವ ಸಾಂಬಾ ಮಸೂರಿಯೇ ಅದರ ಮೂಲ. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಅದರ ಒಂದು ಜೀನಿನ ಕೆಲಸ ಕೆಡಿಸಿದೆ, ಅಷ್ಟೇ. ತೆನೆಯಲ್ಲಿ ಕಾಳು ಹೆಚ್ಚಿಸುವ ಸೈಟೊಕೈನಿನ್ ಎಂಬ ಹಾರ್ಮೋನನ್ನು ಸಿಕೆಎಕ್ಸ್2 ಜೀನಿನ ಕಿಣ್ವ ಒಡೆದು ಹಾಕುತ್ತದೆ. ಅದು ಗಿಡದ ಬ್ರೇಕು. ಬ್ರೇಕು ತೆಗೆದರೆ ಕಾಳು ಹೆಚ್ಚು ಕಟ್ಟುತ್ತದೆ. ಇಳುವರಿ ಶೇ 19 ಹೆಚ್ಚು, ಕೊಯ್ಲು ಸುಮಾರು 20 ದಿನ ಮೊದಲು ಎಂಬುದು ಭಾರತೀಯ ಕೃಷಿ ಸಂಶೋಧನಾ ಮಂಡಳಿ (ಐಸಿಎಆರ್) ಕೊಟ್ಟ ಲೆಕ್ಕ. ನನಗೆ ಇಳುವರಿಗಿಂತ ಆ 20 ದಿನವೇ ದೊಡ್ಡದು. ನಾಲೆಯ ಕೊನೆ ಭಾಗದವರಿಗೆ ಕಡೆಯ ಒಂದೆರಡು ಸಲದ ನೀರು ಸಿಗುವುದೇ ಕಷ್ಟ.

ಜೀನ್ ಕತ್ತರಿಸಲು ಹೆಚ್ಚಾಗಿ ಬಳಸುವ ಸಾಧನ ಕ್ರಿಸ್ಪರ್-ಕ್ಯಾಸ್9. ವೈರಸ್ ದಾಳಿಯಿಂದ ಪಾರಾಗಲು ಬ್ಯಾಕ್ಟೀರಿಯಾಗಳು ಬಳಸುವ ಈ ಉಪಾಯವನ್ನು ಜೀನ್ ತಿದ್ದುವ ಸಾಧನವಾಗಿಸಬಹುದೆಂದು 2012ರಲ್ಲಿ ತೋರಿಸಿದ ಜೆನಿಫರ್ ಡೌಡ್ನಾ, ಎಮ್ಯಾನುಯೆಲ್ ಶಾರ್ಪೆಂಟಿಯೆ ಅವರಿಗೆ 2020ರ ನೊಬೆಲ್ ಬಂತು. ಒಂದು ಆರ್‌ಎನ್‌ಎ ತುಣುಕು ಡಿಎನ್‌ಎಯಲ್ಲಿ ಜಾಗ ಹುಡುಕುತ್ತದೆ, ಕ್ಯಾಸ್9 ಅಲ್ಲಿ ಕತ್ತರಿಸುತ್ತದೆ. ಕೋಶ ಅದನ್ನು ಮತ್ತೆ ಜೋಡಿಸುವಾಗ ಕೆಲವು ಅಕ್ಷರ ತಪ್ಪಿ ಜೀನ್ ನಿಂತುಹೋಗುತ್ತದೆ.

ಒಂದು ಮಾತು ಬಿಚ್ಚಿ ಹೇಳಬೇಕು. ಗಿಡಗಳಲ್ಲಿ ಸಾಮಾನ್ಯವಾಗಿ ಮೊದಲು ಆ ಸಾಧನದ ಜೀನನ್ನೇ ಒಳಗೆ ಸೇರಿಸುತ್ತಾರೆ. ಮುಂದಿನ ಪೀಳಿಗೆಗಳಲ್ಲಿ ಅದು ಇಲ್ಲದ ಗಿಡಗಳನ್ನು ಆರಿಸುತ್ತಾರೆ. ಹಾಗಾಗಿ ‘ಹೊರಗಿನದೇನೂ ಇಲ್ಲ’ ಅನ್ನುವುದು ಪರೀಕ್ಷೆಯಲ್ಲಿ ಸಾಬೀತಾಗಬೇಕು. ಕುಲಾಂತರಿ ಬೆಳೆಗಳ ಬಿಗಿ ನಿಯಮಗಳಿಂದ 2022ರಲ್ಲಿ ಕೇಂದ್ರ ಕೊಟ್ಟ ವಿನಾಯಿತಿಯೂ ಅಂಥ ಗಿಡಗಳಿಗೆ ಮಾತ್ರ.

ವೈದ್ಯಕೀಯದಲ್ಲೂ ಮೊದಲ ಗೆಲುವು ಬ್ರೇಕು ತೆಗೆದೇ ಬಂತು. ಮಗು ಹುಟ್ಟಿದ ಮೇಲೆ ಭ್ರೂಣದ ಹಿಮೋಗ್ಲೋಬಿನ್ ತಯಾರಿಕೆಯನ್ನು ತಡೆಯುವ ಜೀನ್ ಬಿಸಿಎಲ್11ಎ. ಸಿಕಲ್ ಸೆಲ್ ರೋಗಿಯ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ಆ ತಡೆಯನ್ನು ಸಡಿಲಿಸಿ, ಕೀಮೋ ಕೊಟ್ಟ ಬಳಿಕ ಮರಳಿ ದೇಹಕ್ಕೆ ಸೇರಿಸುತ್ತಾರೆ. ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗಿ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವುದು ಕಡಿಮೆಯಾಗುತ್ತದೆ. ಕ್ಯಾಸ್ಜೆವಿ ಎಂಬ ಈ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಚಾಮರಾಜನಗರದ ಆದಿವಾಸಿ ಪೋಡುಗಳಲ್ಲೂ ಮೈಸೂರು, ಕೊಡಗಿನ ಹಾಡಿಗಳಲ್ಲೂ ಈ ಕಾಯಿಲೆ ಇದೆ. ಆ ಬೆಲೆಯ ಚಿಕಿತ್ಸೆ ಅಲ್ಲಿಗೆ ಇದ್ದೂ ಇಲ್ಲದಂತೆ. ದೆಹಲಿಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್-ಐಜಿಐಬಿ ಸ್ವದೇಶಿ ಚಿಕಿತ್ಸೆ ರೂಪಿಸುತ್ತಿರುವುದು ಅದಕ್ಕೇ ಮುಖ್ಯ.

ರೋಗಿಯಲ್ಲಿ ಮಾಡಿದ ತಿದ್ದುಪಡಿ ರಕ್ತದ ಕೋಶಗಳಲ್ಲೇ ಉಳಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಭತ್ತದಲ್ಲಿ ಬೀಜದಿಂದ ಬೀಜಕ್ಕೆ ಸಾಗುತ್ತದೆ. ಕಮಲಾ ಹೈಬ್ರಿಡ್ ಅಲ್ಲದ್ದರಿಂದ ರೈತರು ಬೀಜ ಎತ್ತಿಟ್ಟುಕೊಳ್ಳಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಆ ಹಕ್ಕು ಕೊಟ್ಟಿದೆ. ಆದರೆ ಕ್ರಿಸ್ಪರ್‌ನ ಮುಖ್ಯ ಪೇಟೆಂಟ್‌ಗಳು ವಿದೇಶಿ ಸಂಸ್ಥೆಗಳ ಕೈಯಲ್ಲಿವೆ. ಬೀಜ ಎತ್ತಿಟ್ಟುಕೊಳ್ಳುವವರಿಗೆ ಅದರಿಂದ ತೊಂದರೆಯಾಗುವುದಿಲ್ಲ ಎಂದು ಬೀಜ ಅಂಗಡಿಗೆ ಬರುವ ಮೊದಲೇ ಸರ್ಕಾರ ಲಿಖಿತವಾಗಿ ಹೇಳಬೇಕು.