ಊಟಿಗೆ ಕಲ್ಲಟ್ಟಿ ದಾರಿಯೋ, ಗೂಡಲೂರು ದಾರಿಯೋ?

ಪ್ರಶ್ನೆ: ತುಮಕೂರಿನಿಂದ ಮನೆಮಂದಿಯೆಲ್ಲ ಕಾರಿನಲ್ಲಿ ಊಟಿಗೆ ಹೊರಟಿದ್ದೇವೆ. ಅಮ್ಮನಿಗೆ ಟೀ ತೋಟ ನೋಡುವ ಆಸೆ. ಮಸಿನಗುಡಿ, ಕಲ್ಲಟ್ಟಿ ಮೇಲೆ ಹೋದರೆ ಹತ್ತಿರ ಅಂತಾರೆ. ದೇವರಾಯನದುರ್ಗಕ್ಕೆ ಗಾಡಿ ಹತ್ತಿಸಿ ಅಭ್ಯಾಸವಿದೆ. ಆ ದಾರಿ ಹಿಡಿಯಬಹುದಾ?

ಉತ್ತರ: ಹಿಡಿಯಬಹುದು, ಆದರೆ ಅಮ್ಮನಿಗೆ ಟೀ ತೋಟ ಸಿಗುವುದಿಲ್ಲ. ಗೂಡಲೂರು ಮೇಲೇ ಹೋಗಿ.

ದಾರಿ ಕವಲೊಡೆಯುವುದು ಮುದುಮಲೈ ಕಾಡಿನೊಳಗಿನ ತೆಪ್ಪಕಾಡಿನಲ್ಲಿ. ಅಲ್ಲಿಂದ ಊಟಿ ಮಸಿನಗುಡಿ ಮೇಲೆ 36 ಕಿ.ಮೀ., ಗೂಡಲೂರು ಮೇಲೆ 67. ಮೊಬೈಲ್ ಮ್ಯಾಪ್ ನೋಡಿದವರೆಲ್ಲ ಮೊದಲನೆಯದಕ್ಕೇ ಮನಸೋಲುತ್ತಾರೆ. ಆದರೆ ಮಸಿನಗುಡಿ ಇರುವುದು ಬೆಟ್ಟದ ಮಳೆ ನೆರಳಿನಲ್ಲಿ. ಮುಂಗಾರು ಗೂಡಲೂರು ಮಗ್ಗುಲಿಗೆ ಜಡಿದು, ಬೆಟ್ಟ ದಾಟುವ ಹೊತ್ತಿಗೆ ಸೋತಿರುತ್ತದೆ. ಹಾಗಾಗಿ ಇತ್ತ ನಮ್ಮ ಪಾವಗಡ, ಮಧುಗಿರಿ ಕಡೆಯಂಥ ಮುಳ್ಳು ಕುರುಚಲು, ಮೇಲೆ ಹತ್ತಿದರೆ ತರಕಾರಿ ಹೊಲ. ಟೀ ಗಿಡಕ್ಕೆ ಬೇಕಾದ ಮಳೆ ಇರುವುದು ಅತ್ತ ಕಡೆ.

ಕಲ್ಲಟ್ಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಫಸ್ಟ್ ಗೇರ್‌ನಲ್ಲೇ ಏದುಸಿರು ಬಿಡುತ್ತಾ ಹತ್ತಬೇಕು. ದೇವರಾಯನದುರ್ಗದ ಅಭ್ಯಾಸ ಅಲ್ಲಿ ಮೊದಲ ನಾಲ್ಕು ತಿರುವಿಗೇ ಮುಗಿದುಹೋಗುತ್ತದೆ! ಇಳಿಯುವಾಗ ಬ್ರೇಕ್ ಕಾದು ಅಪಘಾತಗಳಾದದ್ದರಿಂದ ಊಟಿಯಿಂದ ಆ ದಾರಿಯಲ್ಲಿ ಕೆಳಗಿಳಿಯಲು ಹೊರಗಿನ ಗಾಡಿಗಳನ್ನು ಬಿಡುವುದಿಲ್ಲ.

ಗೂಡಲೂರು ದಾಟಿದ ಮೇಲೆ ನೋಡಿ. ಊಸಿಮಲೈ ವ್ಯೂ ಪಾಯಿಂಟ್‌ನಿಂದ ನಡುವಟ್ಟಂವರೆಗೆ ರಸ್ತೆಯ ಎರಡೂ ಬದಿ ಟೀ ತೋಟವೇ. ಜಾಗ ಇದ್ದಲ್ಲಿ ಗಾಡಿ ಬದಿಗೆ ಹಾಕಿ ಅಮ್ಮನನ್ನು ಇಳಿಸಿ. ಸೊಂಟದೆತ್ತರಕ್ಕೆ ಸವರಿದ ಗಿಡ, ನಡುನಡುವೆ ನೆರಳಿಗೆ ಸಿಲ್ವರ್ ಓಕ್. ಗಿಡದ ಮೇಲ್ಮೈಯಲ್ಲಿ ಎಳೆ ಹಸಿರಾಗಿ ಕಾಣುವ ಎರಡು ಎಲೆ, ಒಂದು ಕುಡಿ ಇದೆಯಲ್ಲ, ಒಳ್ಳೆ ಟೀಗೆ ಕೀಳುವುದು ಅಷ್ಟನ್ನೇ. ಕೆಳಗಿನ ಕಡುಹಸಿರು ಎಲೆ ಬಲಿತದ್ದು. ಬಿಟ್ಟರೆ ಇದು ಮರವಾಗಿ ಬೆಳೆಯುವ ಗಿಡ, ಸವರಿ ಸವರಿ ಕುಳ್ಳಗೆ ಇಟ್ಟಿರುತ್ತಾರೆ. ಈ ಭಾಗದಲ್ಲಿ ತಮಿಳುನಾಡು ಸರ್ಕಾರದ ‘ಟ್ಯಾನ್‌ಟೀ’ ತೋಟಗಳೂ ಇವೆ. 1964ರ ಒಪ್ಪಂದದಂತೆ ಶ್ರೀಲಂಕಾದಿಂದ ವಾಪಸಾದ ತಮಿಳು ಕಾರ್ಮಿಕರಿಗೆ ಕೆಲಸ ಕೊಡಲೆಂದು ಎಬ್ಬಿಸಿದ ತೋಟಗಳವು. ಎಲೆ ಕೀಳುವ ಎಷ್ಟೋ ಕೈಗಳ ಹಿಂದೆ ಆ ಕಥೆಯಿದೆ. ಪೈಕಾರ ದಾಟಿದರೆ ಹುಲ್ಲುಗಾವಲು, ನೀಲಗಿರಿ ಮರ ಶುರು. ಇನ್ನೂ ಟೀ ತೋಟ ಬೇಕೆಂದರೆ ಮಾರನೇ ದಿನ ಕೂನೂರು, ಕೋಟಗಿರಿ ಸುತ್ತಿ. ನನ್ನ ಮಟ್ಟಿಗೆ ಊಟಿ ಪೇಟೆಗಿಂತ ಕೋಟಗಿರಿಯೇ ವಾಸಿ.

ತುಮಕೂರಿನಿಂದ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ನಾಗಮಂಗಲ ಮೇಲೆ ಮೈಸೂರು ಸೇರಿ. ಬೆಂಗಳೂರು ಮುಟ್ಟುವ ಗೋಜೇ ಬೇಡ. ಮುಂದೆ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ವಾಪಸ್ ಬರುವಾಗ ಎಲ್ಲರೂ ಎಡವುವುದು ಇಲ್ಲೇ, ಊಟಿಯಿಂದ ಮಧ್ಯಾಹ್ನವೇ ಹೊರಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ, ಸೆಕೆಂಡ್ ಗೇರ್‌ನಲ್ಲಿ ಇಳಿಸಿ.

2024ರ ಮೇ 7ರಿಂದ ನೀಲಗಿರಿಗೆ ಇ-ಪಾಸ್ ಬೇಕು. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಮನೆಯಲ್ಲೇ ಮಾಡಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ಚೆಕ್‌ಪೋಸ್ಟ್‌ನಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ; ಸ್ಟೀಲ್ ಬಾಟಲಿಯೇ ಇರಲಿ.