ನಾಡಿಲ್ಲದ ಡ್ಯೂಕರು ಕಟ್ಟಿದ ಊರುಗಳು

ಸ್ವಿಟ್ಜರ್ಲೆಂಡಿನ ಸರ್ಕಾರ ಕೂರುವುದು ಬರ್ನ್ ನಗರದಲ್ಲಿ. ಅಲ್ಲಿಂದ ಉತ್ತರಕ್ಕೆ ಹೋಗಿ ಗಡಿ ದಾಟಿದರೆ, ಜರ್ಮನಿಯ ಕಪ್ಪು ಕಾಡಿನ ಅಂಚಿನಲ್ಲಿ ಫ್ರೈಬುರ್ಗ್ ಸಿಗುತ್ತದೆ. ಸ್ವಿಟ್ಜರ್ಲೆಂಡಿನಲ್ಲೂ ಅದೇ ಹೆಸರಿನ ಇನ್ನೊಂದು ಊರಿದೆ. ಅಲ್ಲಿ ಫ್ರೆಂಚ್ ಮಾತಾಡುವವರೇ ಜಾಸ್ತಿ, ಹಾಗಾಗಿ ಅದು ಫ್ರಿಬೂರ್. ಈ ಮೂರೂ ಊರುಗಳನ್ನು ಕಟ್ಟಿದ್ದು ಒಂದೇ ಮನೆತನ, ತ್ಸೇರಿಂಗೆನ್. ಇವರಿಗೆ ಡ್ಯೂಕ್, ಅಂದರೆ ರಾಜನ ಕೆಳಗೆ ಒಂದು ನಾಡನ್ನಾಳುವ ದೊರೆ, ಎಂಬ ಪದವಿ ಇತ್ತು. ಆ ಪದವಿಗೆ ತಕ್ಕ ನಾಡು ಇರಲಿಲ್ಲ. ಅವರ ಏಳಿಗೆಗೂ ಅಳಿವಿಗೂ ಬೇರು ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ಕಥೆ ಶುರುವಾಗುವುದು ಒಂದು ಉಂಗುರದಿಂದ. ಸ್ವಾಬಿಯಾ ಅಂದರೆ ಇಂದಿನ ಜರ್ಮನಿಯ ನೈಋತ್ಯ ಭಾಗ ಮತ್ತು ಅದಕ್ಕೆ ಅಂಟಿದ ಸ್ವಿಸ್ ನೆಲ. ಈ ನಾಡು ಖಾಲಿಯಾದಾಗ ನಿನಗೇ ಕೊಡುತ್ತೇನೆ ಎಂದು ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ 3ನೇ ಹೆನ್ರಿ, ಈ ಮನೆಯ ಹಿರಿಯನಾದ ಬೆರ್ಟೋಲ್ಡ್ ಎಂಬ ಕೌಂಟ್‌ಗೆ (ಡ್ಯೂಕ್‌ಗಿಂತ ಕೆಳಗಿನ ದೊರೆಗೆ) ಮಾತು ಕೊಟ್ಟು, ಗುರುತಿಗೆ ಉಂಗುರವನ್ನೂ ಕೊಟ್ಟನಂತೆ. ಹಳೆಯ ದಾಖಲೆಕಾರರು ಹಾಗೆ ಬರೆದಿದ್ದಾರೆ. 1056ರಲ್ಲಿ ಚಕ್ರವರ್ತಿ ತೀರಿಹೋದ. ಮರುವರ್ಷ ಸ್ವಾಬಿಯಾ ಖಾಲಿಯಾಯಿತು. ಆದರೆ ಚಕ್ರವರ್ತಿಯ ವಿಧವೆ ಆಗ್ನೆಸ್ ಅದನ್ನು ರೈನ್‌ಫೆಲ್ಡೆನ್‌ನ ರುಡಾಲ್ಫನಿಗೆ ಕೊಟ್ಟಳು. ಬೆರ್ಟೋಲ್ಡನನ್ನು ಸಮಾಧಾನ ಮಾಡಲು 1061ರಲ್ಲಿ ಕರಿಂಥಿಯಾ ಕೊಟ್ಟರು. ಅದು ಇಂದಿನ ಆಸ್ಟ್ರಿಯಾದ ದಕ್ಷಿಣದಲ್ಲಿದೆ, ಅವನ ಊರುಮನೆಯಿಂದ ಬಹಳ ದೂರ. ಅಲ್ಲಿ ಅವನ ಆಳ್ವಿಕೆ ಬೇರೂರಲೇ ಇಲ್ಲ.

ಆಮೇಲೆ ಪೋಪ್ ಮತ್ತು ರಾಜ 4ನೇ ಹೆನ್ರಿಯ ನಡುವೆ ದೊಡ್ಡ ಜಗಳ ಬಂತು. 1077ರಲ್ಲಿ ಹೆನ್ರಿಯ ವಿರೋಧಿಗಳು ಅದೇ ರುಡಾಲ್ಫನನ್ನು ಎದುರು ರಾಜನನ್ನಾಗಿ ಆರಿಸಿದರು. ಬೆರ್ಟೋಲ್ಡ್ ಹಳೆಯ ಸಿಟ್ಟು ಮರೆತು ಅವನ ಪಕ್ಷ ಹಿಡಿದ, ಇದ್ದ ಕರಿಂಥಿಯಾವನ್ನೂ ಕಳೆದುಕೊಂಡ. ಹೆನ್ರಿ ಸ್ವಾಬಿಯಾವನ್ನು 1079ರಲ್ಲಿ ಸ್ಟೌಫೆನ್ ಮನೆಯ ಫ್ರೆಡರಿಕ್‌ಗೆ ಕೊಟ್ಟ. ಬೆರ್ಟೋಲ್ಡನ ಮಗ 2ನೇ ಬೆರ್ಟೋಲ್ಡ್ ರುಡಾಲ್ಫನ ಮಗಳನ್ನೇ ಮದುವೆಯಾಗಿದ್ದ. ಮುಂದೆ ಮಾವನ ಮನೆಯ ಆಸ್ತಿಯೂ ಅವನ ಕೈಗೆ ಬಂತು. ಸ್ವಾಬಿಯಾ ತನ್ನದು ಎಂದು ಅವನು ವರ್ಷಗಟ್ಟಲೆ ಸ್ಟೌಫೆನ್ನರ ಜೊತೆ ಹೋರಾಡಿದ.

1098ರ ಹೊತ್ತಿಗೆ ರಾಜಿಯಾಯಿತು. ಸ್ವಾಬಿಯಾ ಸ್ಟೌಫೆನ್ನರಿಗೇ ಉಳಿಯಿತು. ಬೆರ್ಟೋಲ್ಡನಿಗೆ ಡ್ಯೂಕ್ ಎಂಬ ಹೆಸರು ಮತ್ತು ಜೂರಿಕ್ ಸಿಕ್ಕವು. ಹೆಸರಿನ ಮುಂದೆ ಹಾಕಿಕೊಳ್ಳಲು ನಾಡಿಲ್ಲ, ಅದಕ್ಕೆ ಕೋಟೆಯ ಹೆಸರನ್ನೇ ಹಾಕಿಕೊಂಡ: ತ್ಸೇರಿಂಗೆನ್ ಡ್ಯೂಕ್. ಆ ಕೋಟೆಯ ಪಾಳು ಇವತ್ತಿಗೂ ಫ್ರೈಬುರ್ಗಿನ ಉತ್ತರಕ್ಕೆ ಗುಡ್ಡದ ಮೇಲಿದೆ. ಸ್ಟೌಫೆನ್ನರ ನೆಂಟನಾದ ಬಿಷಪ್ ಓಟ್ಟೋ, ಈ ಮನೆಯವರದು ಬರೀ ಖಾಲಿ ಹೆಸರು ಎಂಬ ಅರ್ಥದಲ್ಲಿ ಬರೆದಿಟ್ಟ. ಆ ಮಾತು ಅವರಿಗೆ ಎಷ್ಟು ಚುಚ್ಚಿರಬೇಕು!

ಆದರೆ ಅವರು ಕೈಕಟ್ಟಿ ಕೂರಲಿಲ್ಲ. ರಾಜ ಕೊಡದ ನಾಡನ್ನು ತಾವೇ ತುಂಡು ತುಂಡಾಗಿ ಕಟ್ಟತೊಡಗಿದರು. ಕಪ್ಪು ಕಾಡಿನಲ್ಲಿ ಮರ ಕಡಿಸಿ ಹಳ್ಳಿಗಳನ್ನು ಎಬ್ಬಿಸಿದರು. 1093ರಲ್ಲಿ ಅಲ್ಲೇ ಸೇಂಟ್ ಪೀಟರ್ ಮಠ ಕಟ್ಟಿಸಿದರು. ಮನೆಯವರ ಸಮಾಧಿಗೆ ಅದೇ ಜಾಗವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ದಾರಿಗಳು ಕೂಡುವ ಕಡೆ, ನದಿ ದಾಟುವ ಕಡೆ ಪೇಟೆಗಳನ್ನು ಕಟ್ಟಿದರು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಫ್ರೈಬುರ್ಗ್. 1120ರಲ್ಲಿ 2ನೇ ಬೆರ್ಟೋಲ್ಡನ ಮಗ ಕೊನ್ರಾಡ್ ತನ್ನ ಕೋಟೆಗುಡ್ಡದ ಬುಡದಲ್ಲಿ ಸಂತೆಪೇಟೆ ಸ್ಥಾಪಿಸಿ, ಸುತ್ತಲ ವ್ಯಾಪಾರಿಗಳನ್ನು ಕರೆದ. ಬಂದ ಪ್ರತಿಯೊಬ್ಬನಿಗೂ 100 ಅಡಿ ಉದ್ದ, 50 ಅಡಿ ಅಗಲದ ಸೈಟು. ಅದಕ್ಕೆ ವರ್ಷಕ್ಕೆ 1 ಶಿಲ್ಲಿಂಗ್ ಬಾಡಿಗೆ, ಅಷ್ಟೇ. ವ್ಯಾಪಾರಿಗಳ ಜಗಳವನ್ನು ಡ್ಯೂಕ್ ತನ್ನ ಮನಸ್ಸಿಗೆ ಬಂದಂತೆ ತೀರ್ಮಾನಿಸುವ ಹಾಗಿಲ್ಲ, ವ್ಯಾಪಾರಿಗಳದ್ದೇ ಆದ ಕಟ್ಟಳೆ, ಅದರಲ್ಲೂ ಕೊಲೋನ್ ನಗರದವರ ಕಟ್ಟಳೆ ನಡೆಯಬೇಕು. ತಮ್ಮ ಪಾದ್ರಿಯನ್ನು ಊರವರೇ ಆರಿಸಿಕೊಳ್ಳಬಹುದು.

ಮನೆಯ ಗಂಡಸು ಸತ್ತರೆ? ಹೆಂಡತಿ ಮಕ್ಕಳು ಆಸ್ತಿಯೆಲ್ಲವನ್ನೂ ಇಟ್ಟುಕೊಳ್ಳಬೇಕು, ಯಾರೂ ತಕರಾರು ಮಾಡಬಾರದು. ವಾರಸುದಾರರೇ ಇಲ್ಲದಿದ್ದರೆ ಊರಿನ 24 ಜನ ಆ ಆಸ್ತಿಯನ್ನು ಒಂದು ವರ್ಷ ಕಾಯಬೇಕು. ಆಗಲೂ ಯಾರೂ ಬರದಿದ್ದರೆ ಮೂರು ಪಾಲು: ಒಂದು ಸತ್ತವನ ಆತ್ಮಕ್ಕಾಗಿ ದಾನ, ಒಂದು ಊರಿನ ಕೆಲಸಕ್ಕೆ, ಒಂದು ಡ್ಯೂಕ್‌ಗೆ. ಸುಮಾರು 900 ವರ್ಷಗಳ ಹಿಂದೆ ಒಬ್ಬ ದೊರೆ ಹೀಗೆ ತನ್ನ ಕೈಯನ್ನು ತಾನೇ ಕಟ್ಟಿಕೊಂಡ. ಇದು ಔದಾರ್ಯ ಮಾತ್ರವಲ್ಲ, ಲೆಕ್ಕಾಚಾರವೂ ಹೌದು. ಜನ ನೆಲೆ ನಿಂತರೆ ಸಂತೆ ಬೆಳೆಯುತ್ತದೆ, ಸಂತೆ ಬೆಳೆದರೆ ಸುಂಕ ಬರುತ್ತದೆ. ಪಕ್ಕದ ಬೆಟ್ಟಗಳಲ್ಲಿ ಬೆಳ್ಳಿಯ ಗಣಿಗಳೂ ಇದ್ದವು. ಊರು ಬೇಗ ಶ್ರೀಮಂತವಾಯಿತು.

ಇನ್ನೊಂದು ಬಾಗಿಲು ತೆರೆದದ್ದು 1127ರಲ್ಲಿ. ಇಂದಿನ ಫ್ರಾನ್ಸಿನ ಪೂರ್ವ ಅಂಚಿನಿಂದ ಸ್ವಿಟ್ಜರ್ಲೆಂಡಿನವರೆಗೆ ಚಾಚಿದ್ದ ಬರ್ಗಂಡಿಯ ಎಳೆಯ ಕೌಂಟ್ ವಿಲಿಯಂ ಕೊಲೆಯಾದ. ಕೊನ್ರಾಡ್ ಅವನ ಸೋದರಮಾವ. ರಾಜ ಲೋಥಾರ್ ಬರ್ಗಂಡಿಯ ಹಕ್ಕನ್ನು ಅವನಿಗೆ ಕೊಟ್ಟ, 'ರೆಕ್ಟರ್' ಎಂದರೆ ರಾಜನ ಪರವಾಗಿ ಆಳುವವ ಎಂಬ ಪದವಿಯೂ ಬಂತು. ಆದರೆ ಪಶ್ಚಿಮದ ಭಾಗವನ್ನು ಬೇರೊಬ್ಬ ನೆಂಟ ಆಗಲೇ ಹಿಡಿದುಕೊಂಡಿದ್ದ. ಕೊನ್ರಾಡನ ಕೈಗೆ ನಿಜವಾಗಿ ದಕ್ಕಿದ್ದು ಪೂರ್ವದ ತುಂಡು, ಇಂದಿನ ಪಶ್ಚಿಮ ಸ್ವಿಟ್ಜರ್ಲೆಂಡ್.

1152ರಲ್ಲಿ ಸ್ಟೌಫೆನ್ ಮನೆಯ ಫ್ರೆಡರಿಕ್ ಬಾರ್ಬರೋಸಾ ರಾಜನಾದ. ಕೊನ್ರಾಡನ ಮಗ 4ನೇ ಬೆರ್ಟೋಲ್ಡ್ ಅವನ ಜೊತೆ ಒಪ್ಪಂದ ಮಾಡಿಕೊಂಡ: ಬರ್ಗಂಡಿಯನ್ನು ಗೆದ್ದುಕೊಡಲು ರಾಜ ನೆರವಾಗುತ್ತಾನೆ, ಬದಲಿಗೆ ಇವನು ಕವಚ ತೊಟ್ಟ 1,000 ಕುದುರೆ ಸವಾರರನ್ನು ತರುತ್ತಾನೆ. 4 ವರ್ಷ ಕಳೆಯಿತು. 1156ರಲ್ಲಿ ಬಾರ್ಬರೋಸಾ ಬರ್ಗಂಡಿಯ ವಾರಸುದಾರಳಾದ ಬಿಯಾಟ್ರಿಸ್‌ಳನ್ನು ತಾನೇ ಮದುವೆಯಾದ! ನಾಡು ಹೋಯಿತು. ಪರಿಹಾರವಾಗಿ ಬೆರ್ಟೋಲ್ಡನಿಗೆ ಜಿನೀವಾ, ಲೋಸಾನ್, ಸಿಯೊನ್ ಎಂಬ ಮೂರು ಬಿಷಪ್ ಪೀಠಗಳ ಮೇಲೆ ಹಕ್ಕು ಸಿಕ್ಕಿತು. ಜಿನೀವಾ ಕೂಡ ಬೇಗನೆ ಕೈಬಿಟ್ಟಿತು. ತಾತನಿಗೆ ಆದದ್ದೇ ಮೊಮ್ಮಗನಿಗೂ ಆಯಿತು. ಬೆರ್ಟೋಲ್ಡ್ ಮತ್ತೆ ಮನೆತನದ ಹಳೆಯ ದಾರಿಯನ್ನೇ ಹಿಡಿದ. ಫ್ರಿಬೂರ್ ಹುಟ್ಟಿದ್ದು 1157ರಲ್ಲಿ.

ಅವನ ಮಗ 5ನೇ ಬೆರ್ಟೋಲ್ಡ್ 1191ರಲ್ಲಿ ಆರೆ ನದಿ ಮೂರು ಕಡೆ ಬಳಸಿಕೊಂಡ ಗುಡ್ಡದ ಮೇಲೆ ಬರ್ನ್ ಕಟ್ಟಿಸಿದ. ಆ ಕಾಡಿನಲ್ಲಿ ಮೊದಲು ಬೇಟೆಯಾದ ಪ್ರಾಣಿಯ ಹೆಸರನ್ನೇ ಊರಿಗೆ ಇಟ್ಟ, ಸಿಕ್ಕಿದ್ದು ಕರಡಿ ಎಂದು ಅಲ್ಲಿಯವರು ಕಥೆ ಹೇಳುತ್ತಾರೆ. ಊರಿನ ಲಾಂಛನದಲ್ಲಿ ಇಂದಿಗೂ ಕರಡಿಯೇ ಇದೆ.

ಇದೇ ಬೆರ್ಟೋಲ್ಡ್‌ಗೆ ಕಿರೀಟವೇ ಹತ್ತಿರ ಬಂದಿತ್ತು. 1197ರಲ್ಲಿ ಚಕ್ರವರ್ತಿ 6ನೇ ಹೆನ್ರಿ ಸತ್ತಾಗ, ಸ್ಟೌಫೆನ್ನರು ಬೇಡ ಎಂದವರು ಇವನನ್ನು ರಾಜನಾಗು ಎಂದರು. ಇವನು ಒಪ್ಪಿ, ಅಕ್ಕತಂಗಿಯ ಮಕ್ಕಳಿಬ್ಬರನ್ನು ಒತ್ತೆಯಾಗಿಯೂ ಕೊಟ್ಟ. ಆಮೇಲೆ ಖರ್ಚು ನೋಡಿಯೋ, ಸೋಲಿನ ಭಯದಿಂದಲೋ ಹಿಂದೆ ಸರಿದ. ಎದುರಾಳಿಯಾಗಿದ್ದ ಸ್ಟೌಫೆನ್ ಮನೆಯ ಫಿಲಿಪ್ ಅವನಿಗೆ 11,000 ಬೆಳ್ಳಿಯ ಮಾರ್ಕ್ ಕೊಟ್ಟನೆಂದು ಆ ಕಾಲದ ಬರಹ ಹೇಳುತ್ತದೆ. ಒತ್ತೆಯಾಗಿದ್ದ ಅಳಿಯಂದಿರಲ್ಲಿ ಒಬ್ಬ, ಉರಾಖ್‌ನ ಕೊನ್ರಾಡ್, ಸಂನ್ಯಾಸಿಯಾಗಿ ಮುಂದೆ ಚರ್ಚಿನಲ್ಲಿ ಪೋಪ್‌ನ ನಂತರದ ಕಾರ್ಡಿನಲ್ ಪದವಿಗೇರಿದ.

5ನೇ ಬೆರ್ಟೋಲ್ಡ್ 1218ರ ಫೆಬ್ರವರಿ 18ರಂದು ಸತ್ತ. ಬದುಕಿದ್ದ ಮಗನಿರಲಿಲ್ಲ. ಫ್ರೈಬುರ್ಗಿನಲ್ಲಿ ತಾನೇ ಶುರು ಮಾಡಿಸಿದ್ದ ದೊಡ್ಡ ಚರ್ಚಿನಲ್ಲಿ ಅವನನ್ನು ಹೂತರು. 100 ವರ್ಷದಲ್ಲಿ ಕೂಡಿಸಿದ್ದು ಕೆಲವೇ ವರ್ಷಗಳಲ್ಲಿ ಹಂಚಿಹೋಯಿತು. ಅದೊಂದು ನಾಡಾಗಿದ್ದರೆ ಇಡಿಯಾಗಿ ಯಾರಿಗಾದರೂ ಹೋಗುತ್ತಿತ್ತು. ಆದರೆ ಅದು ಬೇರೆ ಬೇರೆ ಹಕ್ಕುಗಳ ಕಂತೆ. ಕಂತೆ ಕಟ್ಟಿದ್ದ ಮನೆತನವೇ ಇಲ್ಲವಾದ ಮೇಲೆ ಅದು ಬಿಚ್ಚಿಕೊಂಡಿತು. ಫ್ರೈಬುರ್ಗ್ ಮತ್ತು ಕಪ್ಪು ಕಾಡಿನ ಆಸ್ತಿ ಉರಾಖ್ ಮನೆಗೆ ಕೊಟ್ಟಿದ್ದ ಸೋದರಿ ಆಗ್ನೆಸ್‌ಳ ಕಡೆಗೆ ಹೋಯಿತು. ಫ್ರಿಬೂರ್, ಥುನ್, ಬುರ್ಗ್‌ಡೋರ್ಫ್ ಊರುಗಳು ಕೀಬುರ್ಗ್ ಮನೆ ಸೇರಿದ್ದ ಸೋದರಿ ಅನ್ನಾಳ ಕಡೆಗೆ ಹೋದವು. ಬರ್ನ್ ಮತ್ತು ಜೂರಿಕ್ ಯಾವ ದೊರೆಗೂ ಸೇರದೆ ನೇರ ಸಾಮ್ರಾಜ್ಯದ ಊರುಗಳಾದವು.

ಒಂದು ಸಂಗತಿ ಮನಸ್ಸಿಗೆ ನೋವು ಕೊಡುತ್ತದೆ. ಗಂಡ ಸತ್ತರೆ ಹೆಂಡತಿಯ ಆಸ್ತಿಗೆ ಯಾರೂ ಕೈ ಹಾಕಬಾರದು ಎಂದು ಈ ಮನೆತನವೇ ಫ್ರೈಬುರ್ಗಿನವರಿಗೆ ಬರೆದುಕೊಟ್ಟಿತ್ತಲ್ವಾ? ಅದೇ ಮನೆಯ ಕೊನೆಯ ಡ್ಯೂಕನ ವಿಧವೆ ಕ್ಲೆಮೆನ್ಷಿಯಾಳನ್ನು ಉರಾಖ್ ಕಡೆಯವರು ವರ್ಷಗಟ್ಟಲೆ ಸೆರೆಯಲ್ಲಿಟ್ಟರು.

ರಕ್ತ ಪೂರ್ತಿ ನಿಂತುಹೋಗಲಿಲ್ಲ. ಮೊದಲ ಬೆರ್ಟೋಲ್ಡನ ಇನ್ನೊಬ್ಬ ಮಗನ ಕವಲು ಬಾಡೆನ್ ಮನೆತನವಾಗಿ 1918ರವರೆಗೆ ಆಳಿತು. ಕೀಬುರ್ಗ್ ಮನೆಯ ಗಂಡು ಸಂತಾನ 1264ರಲ್ಲಿ ಮುಗಿದಾಗ ಆ ಪಾಲನ್ನು ಹಿಡಿದವನು ಹ್ಯಾಬ್ಸ್‌ಬರ್ಗಿನ ರುಡಾಲ್ಫ್. 9 ವರ್ಷಕ್ಕೆ ಅವನೇ ಜರ್ಮನಿಯ ರಾಜನಾದ.

ಊರುಗಳು ಮಾತ್ರ ತಮ್ಮ ದಾರಿ ನೋಡಿಕೊಂಡವು. ಫ್ರೈಬುರ್ಗಿನವರು 1368ರಲ್ಲಿ ತಮ್ಮ ಕೌಂಟ್‌ಗೆ ಹಣ ಕೊಟ್ಟು ಬಿಡಿಸಿಕೊಂಡು ಹ್ಯಾಬ್ಸ್‌ಬರ್ಗ್ ಆಶ್ರಯಕ್ಕೆ ಹೋದರು. ಬರ್ನ್ 1353ರಲ್ಲಿ ಸ್ವಿಸ್ ಒಕ್ಕೂಟ ಸೇರಿತು. 1384ರಲ್ಲಿ ಥುನ್, ಬುರ್ಗ್‌ಡೋರ್ಫ್ ಎರಡನ್ನೂ ಕೊಂಡುಕೊಂಡಿತು. ಆದರೂ 1535ರಲ್ಲಿ ಬರ್ನಿನ ಜನ ತಮ್ಮ ಬೀದಿಯಲ್ಲಿ ಒಂದು ಕಾರಂಜಿ ಕಟ್ಟಿಸಿ, ಅದಕ್ಕೆ ತ್ಸೇರಿಂಗೆನ್ ಹೆಸರಿಟ್ಟರು. ಅದರ ಕಂಬದ ಮೇಲೆ ಕವಚ ತೊಟ್ಟ ಕರಡಿಯೊಂದು ತ್ಸೇರಿಂಗೆನ್ ಬಾವುಟ ಹಿಡಿದು ನಿಂತಿದೆ. ಅದರ ಕಾಲ ಬಳಿ ಒಂದು ಮರಿ ಕೂತು ದ್ರಾಕ್ಷಿ ತಿನ್ನುತ್ತಿದೆ.