ಅದಲುಬದಲು ಜೋಡಿಗಳು ಮತ್ತು ಮೂರನೇ ಕೂಳೆಯ ಲೆಕ್ಕ

ಹೋದ ಮಾಗಿಯಲ್ಲಿ ಮಂಡ್ಯದ ನೆಂಟರೊಬ್ಬರ ಮದುವೆಯ ಐವತ್ತನೇ ವರ್ಷದ ಊಟ ಇತ್ತು. ಪಾಯಸ ಮುಗಿದು ಎಲೆಅಡಿಕೆ ತಟ್ಟೆ ಸುತ್ತುತ್ತಿರುವಾಗ ಹುಡುಗರು ಮೈಕ್ ತಂದು ಅಜ್ಜನ ಮುಂದೆ ಹಿಡಿದರು. "ಐವತ್ತು ವರ್ಷ ಹೆಂಗೆ ಬಾಳಿದ್ರಿ, ಗುಟ್ಟು ಹೇಳಿ ತಾತ." ಅಜ್ಜ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಗೆ ತಳ್ಳಿ, "ಎಲ್ಲಿಗ್ ಓಗದು ಮಗ?" ಅಂದರು. ಇಡೀ ಮಂಟಪ ನಕ್ಕಿತು. ಅಜ್ಜಿ ನಗಲಿಲ್ಲ.

ಸಂಜೆ ಮೈಸೂರಿಗೆ ವಾಪಸ್ ಬರುವ ರೈಲಿನಲ್ಲಿ ನನ್ನ ಗೆಳೆಯ ಅದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ಎತ್ತಿದ. ಅವನು ಸಂಖ್ಯಾಶಾಸ್ತ್ರ ಕಲಿಸುವ ಮೇಷ್ಟ್ರು. ಊಟ ಜಾಸ್ತಿಯಾದರೆ ಅವನಿಗೆ ಇಂಥವೇ ತೋಚುತ್ತವೆ. "ಅಮೆರಿಕದಲ್ಲಿ ಈ ಸ್ವಿಂಗಿಂಗ್ ಮಾಡೋ ಜೋಡಿಗಳು ಇದ್ದಾರಲ್ಲ, ಅವರ ಮದುವೆ ಎಷ್ಟು ವರ್ಷ ಬಾಳುತ್ತೆ ಅಂತ ಯಾರಾದ್ರೂ ಲೆಕ್ಕ ಹಾಕಿದ್ದಾರಾ?" ಎದುರು ಸೀಟಿನವರು ಪೇಪರ್ ಕೆಳಗಿಳಿಸಿ ನಮ್ಮನ್ನೇ ನೋಡಿದರು. ಪಾಂಡವಪುರ ಬರುವವರೆಗೂ ನಾವು ಕೆಆರ್‌ಎಸ್ ನೀರಿನ ಮಟ್ಟದ ಬಗ್ಗೆ ಮಾತಾಡಿದೆವು. ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೂ ಬಂತು.

ಸ್ವಿಂಗಿಂಗ್ ಅಂದರೆ ಗಂಡ ಹೆಂಡತಿ ಇಬ್ಬರೂ ಒಪ್ಪಿ, ಇಬ್ಬರಿಗೂ ಗೊತ್ತಿದ್ದೇ, ಬೇರೆ ಜೋಡಿಗಳ ಜೊತೆ ದೇಹ ಸಂಬಂಧ ಇಟ್ಟುಕೊಳ್ಳುವುದು. ನಮ್ಮಲ್ಲಿ ಇದು ಸುದ್ದಿಯಾಗುವುದು ಅಪರಾಧದ ಪುಟದಲ್ಲಿ. 2022ರ ಜನವರಿಯಲ್ಲಿ ಕೇರಳದ ಕೊಟ್ಟಾಯಂ ಜಿಲ್ಲೆಯಲ್ಲಿ, ಗಂಡನೇ ಬಲವಂತ ಮಾಡಿದ ಎಂದು ಹೆಂಡತಿ ದೂರು ಕೊಟ್ಟು ಹಲವರ ಬಂಧನವಾಯಿತು. ಅದನ್ನೂ 'ಹೆಂಡತಿಯರ ಅದಲುಬದಲು' ಅಂತಲೇ ಕರೆದರು. ಬಲವಂತಕ್ಕೆ ಬೇರೆ ಹೆಸರಿದೆ, ಬೇರೆ ಕಾನೂನಿದೆ. ಇಲ್ಲಿ ನಾನು ಬರೆಯುತ್ತಿರುವುದು ಇಬ್ಬರೂ ಒಪ್ಪಿದವರ ಬಗ್ಗೆ.

ಸಮಾಜಶಾಸ್ತ್ರಜ್ಞರು ಇವರನ್ನು ಗಂಭೀರವಾಗಿ ನೋಡಲು ಶುರು ಮಾಡಿದ್ದು 1970ರ ಸುಮಾರಿಗೆ. ಆ ವರ್ಷ ಡ್ವೇನ್ ಡೆನ್‌ಫೆಲ್ಡ್ ಮತ್ತು ಮೈಕಲ್ ಗಾರ್ಡನ್ ಬರೆದ ಪ್ರಬಂಧದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಅಲ್ಲಿನ ಕಟ್ಟುಪಾಡುಗಳು. ಮೊದಲ ನಿಷ್ಠೆ ಸ್ವಂತ ಮದುವೆಗೆ. ಬೇರೆಯವರ ಮೇಲೆ ಪ್ರೀತಿ ಬೆಳೆಸಿಕೊಳ್ಳಬಾರದು. ಹೆಂಡತಿಗೆ ತಿಳಿಸದೆ, ಗಂಡನಿಗೆ ತಿಳಿಸದೆ ಯಾರನ್ನೂ ಭೇಟಿಯಾಗಬಾರದು. ಕಟ್ಟು ಬಿಚ್ಚಿ ಹೊರಟವರಿಗೆ ಇಷ್ಟೊಂದು ಕಟ್ಟುಪಾಡು! ಮಡಿ ಮಾಡುವ ನನ್ನ ಸೋದರತ್ತೆಗೂ ಇಷ್ಟಿರಲಿಲ್ಲ. ಆದರೆ ಕಾರಣ ಊಹಿಸಬಹುದು. ದೇಹಕ್ಕೆ ಒಂದು ಖಾತೆ, ಮನಸ್ಸಿಗೆ ಒಂದು ಖಾತೆ. ಒಂದರ ದುಡ್ಡು ಇನ್ನೊಂದಕ್ಕೆ ಹೋಗದಂತೆ ನೋಡಿಕೊಳ್ಳಬೇಕಲ್ಲ.

ಹಾಗೆ ನೋಡಿಕೊಳ್ಳಲು ಆಗದೆ ಬಿಟ್ಟವರೂ ಇದ್ದರು. ಅವರನ್ನು ಹುಡುಕಲು ಡೆನ್‌ಫೆಲ್ಡ್ ಒಂದು ಉಪಾಯ ಮಾಡಿದರು. ಅಮೆರಿಕದ 2,147 ಮದುವೆ ಸಲಹೆಗಾರರಿಗೆ ಪ್ರಶ್ನೆಪತ್ರ ಕಳಿಸಿದರು. 966 ಮಂದಿ ಉತ್ತರಿಸಿದರು. ಅವರ ಹತ್ತಿರ ಬಂದಿದ್ದ 1,175 ಮಾಜಿ ಸ್ವಿಂಗರ್ ಜೋಡಿಗಳ ಕಥೆ 1974ರಲ್ಲಿ ಪ್ರಕಟವಾಯಿತು. ಬಿಟ್ಟದ್ದಕ್ಕೆ ಮೊದಲ ಕಾರಣ ಹೊಟ್ಟೆಕಿಚ್ಚು. ಆಮೇಲೆ ಪಾಪಪ್ರಜ್ಞೆ, ಸಂಸಾರಕ್ಕೆ ಕುತ್ತು ಬರುತ್ತದೆಂಬ ಭಯ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಸಮೀಕ್ಷೆ ಇಡಿ. 2000ದಲ್ಲಿ ಕರ್ಟಿಸ್ ಬರ್ಗ್‌ಸ್ಟ್ರಾಂಡ್ ಮತ್ತು ಜೆನಿಫರ್ ವಿಲಿಯಮ್ಸ್ ಇಂಟರ್‌ನೆಟ್ ಮೂಲಕ 1,092 ಸ್ವಿಂಗರ್‌ಗಳನ್ನು ಕೇಳಿದರು. 62.6% ಮಂದಿ, ಇದರಿಂದ ನಮ್ಮ ಸಂಬಂಧ ಸುಧಾರಿಸಿದೆ ಅಂದರು. 35.6% ಮಂದಿ ಏನೂ ವ್ಯತ್ಯಾಸ ಇಲ್ಲ ಅಂದರು. ಕೆಟ್ಟಿತು ಅಂದವರು ಬರೀ 1.7%.

ಒಂದು ಕಡೆ ಹೊಟ್ಟೆಕಿಚ್ಚು, ಭಯ. ಇನ್ನೊಂದು ಕಡೆ ಸ್ವರ್ಗ. ಯಾರು ಸುಳ್ಳು ಹೇಳಿದರು? ಯಾರೂ ಇಲ್ಲ. ಮೈಸೂರಿನವರ ಆರೋಗ್ಯ ಹೇಗಿದೆ ಎಂದು ಕೆ.ಆರ್. ಆಸ್ಪತ್ರೆಯ ಗೇಟಿನಲ್ಲಿ ನಿಂತು ಕೇಳಿ. ಅದೇ ಪ್ರಶ್ನೆಯನ್ನು ಬೆಳಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತು ಕೇಳಿ. ಎರಡು ಊರುಗಳ ಉತ್ತರ ಸಿಗುತ್ತದೆ. ಸಲಹೆಗಾರರ ಬಾಗಿಲಿಗೆ ಬರುವವರು ನೊಂದವರು. ಸ್ವಿಂಗರ್‌ಗಳ ನಡುವೆ ಇನ್ನೂ ಓಡಾಡಿಕೊಂಡು, ಕೂತು ಪ್ರಶ್ನೆಪತ್ರ ತುಂಬುವವರು ಒಗ್ಗಿಕೊಂಡವರು. ಬಿಟ್ಟು ಹೋದವರು ಆ ಪ್ರಶ್ನೆಪತ್ರವನ್ನು ನೋಡಿಯೇ ಇರುವುದಿಲ್ಲ. ಆಸ್ಪತ್ರೆಯ ಅಂಕಿಅಂಶ ಹೀಗೆ ದಾರಿ ತಪ್ಪಿಸುವುದನ್ನು ಜೋಸೆಫ್ ಬರ್ಕ್‌ಸನ್ ಎಂಬ ವೈದ್ಯ 1946ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಇದು ಸುಲಭದ ತೊಡಕು. ಇನ್ನೊಂದು ಇದೆ, ಅದು ಸ್ವಲ್ಪ ಕಳ್ಳ. 'ನಮ್ಮ ಮದುವೆಗೆ ಇಪ್ಪತ್ತು ವರ್ಷ, ಅದರಲ್ಲಿ ಹತ್ತು ವರ್ಷದಿಂದ ಸ್ವಿಂಗಿಂಗ್' ಎಂದು ಹೇಳುವ ಜೋಡಿಗಳನ್ನು ಕಂಡಾಗ, ಅಬ್ಬಾ, ಇದೇನೋ ಮದುವೆಗೆ ಗೊಬ್ಬರ ಇರಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಬಿಡಿಸಿ ಹೇಳಿದ್ದು ನನ್ನ ಗೆಳೆಯ ಅಲ್ಲ, ಮಂಡ್ಯದಲ್ಲಿ ಕಬ್ಬು ಬೆಳೆಯುವ ನನ್ನ ಭಾವ. ಅದೂ ತಿಳಿಯದೇ ಹೇಳಿದ್ದು.

ಕಬ್ಬು ಕಡಿದ ಮೇಲೆ ಬೇರು ಕೀಳದೆ ಬಿಟ್ಟರೆ ಅದೇ ಬುಡದಿಂದ ಮತ್ತೆ ಚಿಗುರುತ್ತದೆ. ಅದು ಕೂಳೆ. ಮೊದಲ ಕೂಳೆ, ಎರಡನೇ ಕೂಳೆ, ಕೆಲವರು ಮೂರನೆಯದನ್ನೂ ಬಿಡುತ್ತಾರೆ. ಸಾಮಾನ್ಯವಾಗಿ ಪ್ರತಿ ಕೂಳೆಗೂ ಇಳುವರಿ ಇಳಿಯುತ್ತದೆ. ನಾನು ಒಮ್ಮೆ ಭಾವನ ಜೊತೆ ನಾಲೆ ಏರಿಯ ಮೇಲೆ ಹೋಗುವಾಗ ಮೂರನೇ ಕೂಳೆಯ ಗದ್ದೆಗಳು ಸೊಂಪಾಗಿದ್ದವು. "ಕೂಳೆ ಹೆಚ್ಚಾದಷ್ಟೂ ಚೆನ್ನಾಗಿ ಬರುತ್ತಾ?" ಎಂದು ಕೇಳಿದೆ. ಭಾವ ನನ್ನನ್ನು ಪೇಟೆಯವನನ್ನು ನೋಡುವ ಹಾಗೆ ನೋಡಿದರು. "ಚೆನ್ನಾಗಿಲ್ದೆ ಇದ್ದುದ್ನ ಮೊದಲ್ನೇ ವರ್ಷವೇ ಉತ್ತಾಕಿರ್ತೀವಲ್ಲ. ಉಳ್ದಿರೋದು ಚೆನ್ನಾಗಿರೋದೇಯ."

ಮದುವೆಗಳಲ್ಲೂ ಉಳುವ ಕೆಲಸ ಬೇಗ ಶುರುವಾಗುತ್ತದೆ. 1995ರಲ್ಲಿ ಅಮೆರಿಕ ಸರ್ಕಾರ ನಡೆಸಿದ ದೊಡ್ಡ ಸಮೀಕ್ಷೆಯ ಪ್ರಕಾರ, ಅಲ್ಲಿನ ಮೊದಲ ಮದುವೆಗಳಲ್ಲಿ 20% ಐದೇ ವರ್ಷದೊಳಗೆ ಮುರಿಯುತ್ತವೆ. ಹತ್ತು ವರ್ಷದೊಳಗೆ 33%. ಈಗ ಒಂದು ಜೋಡಿ ಹತ್ತನೇ ವರ್ಷದಲ್ಲಿ ಸ್ವಿಂಗಿಂಗ್ ಶುರು ಮಾಡಿತು ಅನ್ನಿ. ಅಲ್ಲಿಗೆ ಬರುವಷ್ಟರಲ್ಲಿ ನೂರರಲ್ಲಿ 33 ಜೋಡಿ ಕಣದಲ್ಲೇ ಇಲ್ಲ. ಉಳಿದ 67ರಿಂದ ಆಯ್ದು, ಎಲ್ಲ ನೂರರ ಸರಾಸರಿ ಜೊತೆ ಹೋಲಿಸಿದರೆ ಸ್ವಿಂಗರ್‌ಗಳು ಗೆಲ್ಲದೆ ಇನ್ನೇನು? ಮೊದಲ ಹತ್ತು ವರ್ಷ ಅವರಿಗೆ ಬಿಟ್ಟಿಯಾಗಿ ಸಿಕ್ಕಿದ ಅಂಕ. ಆ ಹತ್ತು ವರ್ಷ ಬಾಳಿಸಿದ್ದು ಸ್ವಿಂಗಿಂಗ್ ಅಲ್ಲ, ಆಗ ಅದು ಶುರುವೇ ಆಗಿರಲಿಲ್ಲ.

ಈ ತಪ್ಪನ್ನು ಸಂಖ್ಯಾಶಾಸ್ತ್ರದವರು 'ಸಾವಿಲ್ಲದ ಕಾಲ'ದ ತಪ್ಪು ಅನ್ನುತ್ತಾರೆ. ಘನ ವಿದ್ವಾಂಸರೂ ಇದರಲ್ಲಿ ಜಾರಿ ಬಿದ್ದಿದ್ದಾರೆ. ಆಸ್ಕರ್ ಗೆದ್ದ ನಟನಟಿಯರು ಉಳಿದ ನಟರಿಗಿಂತ 3.9 ವರ್ಷ ಜಾಸ್ತಿ ಬದುಕುತ್ತಾರೆ ಎಂಬ ಸಂಶೋಧನೆ 2001ರಲ್ಲಿ ಬಂತು. ಪ್ರಪಂಚದ ಪೇಪರುಗಳಲ್ಲೆಲ್ಲ ಸುದ್ದಿ. 2006ರಲ್ಲಿ ಬೇರೆ ತಂಡ ಲೆಕ್ಕ ಮತ್ತೆ ಹಾಕಿತು. ಆಸ್ಕರ್ ಗೆಲ್ಲಬೇಕಾದರೆ ಆ ದಿನದವರೆಗೆ ಬದುಕಿರಲೇಬೇಕಲ್ಲ! ಗೆಲ್ಲುವ ಮೊದಲಿನ ವರ್ಷಗಳನ್ನು ಗೆದ್ದವರ ಖಾತೆಯಿಂದ ತೆಗೆದರೆ ಅಂತರ ಸುಮಾರು ಒಂದು ವರ್ಷಕ್ಕೆ ಇಳಿಯಿತು. ಅದೂ ಆಕಸ್ಮಿಕ ಇರಬಹುದು ಅನ್ನುವಷ್ಟು ಚಿಕ್ಕದು.

ಹಾಗಾದರೆ ಸರಿಯಾಗಿ ಅಳೆಯುವುದು ಹೇಗೆ? ಎರಡು ಗುಂಪಿನ ಜೋಡಿಗಳನ್ನು ಒಂದು ದಿನ ಗುರುತು ಹಾಕಿಕೊಳ್ಳಬೇಕು. ಆಮೇಲೆ ವರ್ಷಗಟ್ಟಲೆ ಅವರ ಬೆನ್ನು ಬೀಳಬೇಕು. ಇದು ದುಬಾರಿ, ಬೇಸರದ ಕೆಲಸ. ಇದಕ್ಕೆ ಹತ್ತಿರ ಬಂದವರು ಆರ್ಲೀನ್ ರೂಬಿನ್ ಮತ್ತು ಜೇಮ್ಸ್ ಆಡಮ್ಸ್. ಪರಸ್ಪರ ಒಪ್ಪಿ ಹೊರಗಿನ ಸಂಬಂಧಕ್ಕೆ ಬಾಗಿಲು ತೆರೆದಿಟ್ಟ 34 ಜೋಡಿ, ಬಾಗಿಲು ಹಾಕಿಕೊಂಡ 39 ಜೋಡಿ. ಐದು ವರ್ಷ ಬಿಟ್ಟು ನೋಡಿದರು. 1986ರಲ್ಲಿ ಫಲಿತಾಂಶ ಬಂತು. ತೆರೆದವರಲ್ಲಿ 68% ಒಟ್ಟಿಗಿದ್ದರು, ಹಾಕಿಕೊಂಡವರಲ್ಲಿ 82%.

ನೋಡಿದಿರಾ, ಒಡೆಯಿತಲ್ಲ, ಅನ್ನುವ ಮುಂಚೆ ಶೇಕಡಾವನ್ನು ತಲೆಲೆಕ್ಕಕ್ಕೆ ಇಳಿಸಿ. 34ರಲ್ಲಿ 23, 39ರಲ್ಲಿ 32. ತೆರೆದವರ ಗುಂಪಿನಲ್ಲಿ ಇನ್ನು ಐದು ಜೋಡಿ ಉಳಿದಿದ್ದರೆ ಎರಡೂ ಸಮ. ಐದು ಜೋಡಿ ಅಂದರೆ ಒಂದು ವಠಾರ. ಇಷ್ಟು ಚಿಕ್ಕ ಗುಂಪಿನಲ್ಲಿ ಇಷ್ಟು ಅಂತರ ಸುಮ್ನೆ ಅದೃಷ್ಟದಿಂದಲೂ ಬರುತ್ತದೆ. ಸಂಶೋಧಕರೂ ವ್ಯತ್ಯಾಸ ಇದೆ ಎಂದು ಹೇಳಲಾಗದು ಅಂದರು. ಮುರಿದುಕೊಂಡವರು ಕೊಟ್ಟ ಕಾರಣಗಳಲ್ಲಿ ಹೊರಗಿನ ಸಂಬಂಧ ಕಾಣಿಸಿಕೊಂಡದ್ದೇ ಅಪರೂಪ. ಹಾಗಂತ ವ್ಯತ್ಯಾಸ ಇಲ್ಲ ಎಂದೂ ಇದು ಸಾಬೀತು ಮಾಡುವುದಿಲ್ಲ. ತಕ್ಕಡಿ ಒರಟಾಗಿದ್ದರೆ ಕಾಲು ಕೆಜಿ ಅತ್ತಿತ್ತ ಆಗಿದ್ದು ಗೊತ್ತಾಗುವುದಿಲ್ಲ. ಜೊತೆಗೆ, ಆ 34ರಲ್ಲಿ ಎಲ್ಲರೂ ಸ್ವಿಂಗರ್‌ಗಳಲ್ಲ. ಬೇರೆ ಬೇರೆ ಥರ ಬಾಗಿಲು ತೆರೆದವರೂ ಸೇರಿದ್ದರು.

ನನ್ನ ಅಭಿಪ್ರಾಯ ಕೇಳಿದರೆ, ಅದಲುಬದಲು ಮದುವೆಯನ್ನು ಗಟ್ಟಿ ಮಾಡುತ್ತದೆ ಅನ್ನುವವರ ಕೈಯಲ್ಲೂ ಪುರಾವೆ ಇಲ್ಲ, ನಾಶ ಮಾಡುತ್ತದೆ ಅನ್ನುವವರ ಕೈಯಲ್ಲೂ ಇಲ್ಲ. ಎರಡೂ ಕಡೆಯವರು ಉತ್ತಿದ ಗದ್ದೆಯನ್ನೋ ಉಳಿದ ಗದ್ದೆಯನ್ನೋ ಮಾತ್ರ ತೋರಿಸುತ್ತಿದ್ದಾರೆ.

ಇನ್ನು ಅಜ್ಜನ 'ಎಲ್ಲಿಗ್ ಓಗದು'. ಅದು ತಮಾಷೆ ಅಂತ ನಕ್ಕೆವು. ಆದರೆ ಕ್ಯಾರಿಲ್ ರಸ್‌ಬಲ್ಟ್ ಎಂಬ ಮನಶ್ಶಾಸ್ತ್ರಜ್ಞೆ 1980ರಿಂದ ಕಟ್ಟಿದ ಸಿದ್ಧಾಂತದ ಮೂರರಲ್ಲೊಂದು ಕಾಲು ಅದೇ. ಜನ ಸಂಬಂಧದಲ್ಲಿ ಉಳಿಯುವುದು ಖುಷಿ ಎಷ್ಟಿದೆ, ಇಲ್ಲಿಯವರೆಗೆ ಎಷ್ಟು ಸುರಿದಿದ್ದೇವೆ, ಹೊರಗೆ ಬೇರೆ ದಾರಿ ಏನಿದೆ ಎಂಬ ಮೂರರ ಮೇಲೆ. ಅಜ್ಜ ಹೇಳಿದ್ದು ಮೂರನೆಯದನ್ನು. ಸ್ವಿಂಗರ್‌ಗಳು ವಿಚಿತ್ರವಾಗಿ ಕಾಣುವುದೂ ಇಲ್ಲೇ. ಹೊರದಾರಿಯನ್ನು ಅವರೇ ಅಗಲ ಮಾಡಿ, ಅದರಲ್ಲಿ ಕೈ ಹಿಡಿದು ಹೋಗಿ, ಕೈ ಹಿಡಿದೇ ವಾಪಸ್ ಬರುತ್ತೇವೆ ಅನ್ನುತ್ತಾರೆ. ಅಷ್ಟೊಂದು ಕಟ್ಟುಪಾಡು ಬೇಕಾಗಿದ್ದು ಅದಕ್ಕೇ ಇರಬೇಕು.

ನಮ್ಮಲ್ಲಿ ಹೊರದಾರಿ ಕಿರಿದು. 2011ರ ಜನಗಣತಿಯಲ್ಲಿ ವಿಚ್ಛೇದನ ಪಡೆದವರು ದೇಶದಲ್ಲಿ ಸುಮಾರು 13.6 ಲಕ್ಷ. ಮದುವೆಯಾದವರ ಸಂಖ್ಯೆಯ ಪಕ್ಕ ಇಟ್ಟರೆ 0.24%. ಆದರೆ ಕಾಗದ ಮಾಡಿಸದೆ ಸುಮ್ನೆ ಬೇರೆಯಾದವರು ಅದರ ಎರಡೂವರೆ ಪಟ್ಟು ಇದ್ದರು. 'ಅವಳು ತವರಲ್ಲೇ ಇದ್ದಾಳೆ' ಅನ್ನುತ್ತೇವಲ್ವಾ, ಅವರೆಲ್ಲ ಆ ಸಾಲಿನವರು. ಮದುವೆಯ ಆಯಸ್ಸನ್ನು ಕೋರ್ಟಿನ ಕಾಗದದಿಂದ ಅಳೆದರೆ ನಮ್ಮ ದೇಶ ಸದಾ ಮೊದಲ ರ‍್ಯಾಂಕ್.

ಕಾನೂನಿನಲ್ಲೂ ಒಂದು ಸ್ವಾರಸ್ಯ ಇದೆ. 1860ರ ದಂಡ ಸಂಹಿತೆಯ 497ನೇ ಕಲಂ ಪ್ರಕಾರ, ಇನ್ನೊಬ್ಬನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡವನು ಅಪರಾಧಿ. ಆದರೆ ಅವಳ ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ! ಅಂದರೆ ಅದಲುಬದಲಿಗೆ ಬ್ರಿಟಿಷರ ಕಾಲದಿಂದಲೂ ಜೈಲಿನ ಭಯ ಇರಲಿಲ್ಲ, ಗಂಡಸರು ಒಪ್ಪಿದರೆ ಸಾಕಿತ್ತು. ಹೆಂಗಸಿನ ಒಪ್ಪಿಗೆಯನ್ನು ಆ ಕಲಂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿತು. ವಿಚ್ಛೇದನಕ್ಕೆ ಮಾತ್ರ ಹೊರಸಂಬಂಧ ಈಗಲೂ ಕಾರಣ. ಅಲ್ಲೂ ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ ಅಡ್ಡ ಬರುತ್ತದೆ. ತಾನೇ ಒಪ್ಪಿ ಕುಮ್ಮಕ್ಕು ಕೊಟ್ಟವರು ಆಮೇಲೆ ಅದನ್ನೇ ಕಾರಣ ಮಾಡಿಕೊಂಡು ಬರುವಂತಿಲ್ಲ.

ಎರಡು ವಾರ ಬಿಟ್ಟು ಊಟದ ಫೋಟೊ ಕೊಡಲು ಮಂಡ್ಯಕ್ಕೆ ಹೋಗಿದ್ದೆ. ಅಜ್ಜ ಗದ್ದೆ ಕಡೆ ಹೋಗಿದ್ದರು. ಅಜ್ಜಿ ಫೋಟೊಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ನೋಡಿದರು. ಕೇಕಿನ ಮೇಲೆ ದೊಡ್ಡದಾಗಿ 50 ಎಂದು ಬರೆದಿದ್ದ ಫೋಟೊ ಬಂದಾಗ ನಿಲ್ಲಿಸಿದರು.

"ಅದ್ರಲ್ಲಿ ಒಂಬತ್ತು ವರ್ಷ ಕೆಲ್ಸ ಅಂತ ಭದ್ರಾವತೀಲಿದ್ರು," ಅಂದರು. "ಮೂರು ವರ್ಷ ನಾನೇ ಮಾತಾಡ್ಸ್ತಿರ್ನಿಲ್ಲ. ನೀನ್ ಓದಿರೋನು, ಕಳ್ದು ನೋಡು ಎಷ್ಟಾಯ್ತದೆ."